ನಾನು ಎಳೆದ ಜರ್ಸಿ

ಅಪ್ಪನೂ ನಾನೂ ಒಂದೇ ವರ್ಷ ನಿವೃತ್ತರಾದೆವು. ಅವರಿಗೆ ಅರವತ್ತು, ನನಗೆ ಮೂವತ್ತೊಂದು. ಅವರಿಗೆ ಬ್ಯಾಂಕಿನವರು ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು, ಕಾರಿನಲ್ಲಿ ಮನೆಗೆ ತಂದು ಬಿಟ್ಟರು. ನಾನು ಕೊನೆಯ ಪಂದ್ಯ ಮುಗಿಸಿ, ಮಂಡಿಗೆ ಐಸ್ ಕಟ್ಟಿಕೊಂಡು, ಮದ್ರಾಸಿನ ಬ್ರಾಡ್‌ವೇಯಲ್ಲಿ ಬಸ್ಸು ಬದಲಿಸಿ ತಿರುವಲ್ಲಿಕ್ಕೇಣಿಯ ಮನೆಗೆ ಬಂದೆ. ಇದು ದೂರು ಹೇಳುವ ಮಾತಲ್ಲ. ಹಾರದ ಆಸೆ ಇದ್ದವಳು ಫುಟ್‌ಬಾಲಿನಲ್ಲಿ ಡಿಫೆಂಡರ್ ಆಗುವುದಿಲ್ಲ. ಗೋಲು ಹೊಡೆದವಳ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಗೋಲು ಆಗದಂತೆ ನೋಡಿಕೊಂಡವಳದು ಬರುವುದಿಲ್ಲ. ನನ್ನದು ಒಂದೇ ಒಂದು ಸಲ ಬಂತು. ತೊಂದರೆ ಶುರುವಾದದ್ದು ಅದರಿಂದಲೇ.

ಈಗ ಆಟಕ್ಕೆ ಬರುತ್ತಿರುವ ಹುಡುಗಿಯರು ನನ್ನನ್ನು ಕಂಡರೆ, “ಅಕ್ಕಾ, ನಿಮ್ಮ ಕಾಲದಲ್ಲಿ ಹೇಗಿತ್ತು?” ಎಂದು ಕೇಳುತ್ತಾರೆ. ಬಟ್ಟೆ ಬದಲಿಸಲು ಕೋಣೆಯಿರಲಿಲ್ಲ, ಬೂಟು ಹರಿದಿತ್ತು, ಬಸ್ಸಿನಲ್ಲಿ ನಿಂತುಕೊಂಡೇ ಹೋಗುತ್ತಿದ್ದೆವು ಎಂಬ ಕಥೆಗಳನ್ನು ನಿರೀಕ್ಷಿಸುತ್ತಾರೆ. ಅವೆಲ್ಲ ನಿಜ. ಅವನ್ನು ಬೇರೆ ಯಾರಾದರೂ ಬರೆಯಲಿ. ನಾನು ಬರೆಯುವುದು ಕೆಲಸದ ಬಗ್ಗೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ಫೈನಲ್ ಪಂದ್ಯದ ಕೊನೆಯಲ್ಲಿ, ತುಂಬಿದ ಕ್ರೀಡಾಂಗಣದ ಎದುರು, ನಾನು ಎದುರಾಳಿಯ ಜರ್ಸಿ ಹಿಡಿದು ಎಳೆದೆ. ಅದಕ್ಕೆ ಕ್ಷಮೆ ಕೇಳು ಎಂದರು. ಕೇಳಲಿಲ್ಲ. ಇವತ್ತೂ ಕೇಳುವುದಿಲ್ಲ.

ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡುವಾಗಲೇ ನಾನು ವಿಶ್ವವಿದ್ಯಾಲಯದ ತಂಡದಲ್ಲಿ ಆಡುತ್ತಿದ್ದೆ. ನನ್ನ ಓಟ ಅಷ್ಟಕ್ಕಷ್ಟೇ, ಅಂದಾಜು ಚೆನ್ನಾಗಿತ್ತು. ಹಾಗಾಗಿ ಹಿಂದೆ ನಿಲ್ಲಿಸಿದರು. ತೊಂಬತ್ತರ ದಶಕದ ಕೊನೆಯಲ್ಲಿ ಮಣಲಿಯ ಒಂದು ಪೆಟ್ರೋಲ್ ಕಾರ್ಖಾನೆ ಹೆಂಗಸರ ತಂಡ ಕಟ್ಟಲು ಹೊರಟಿತು. ಹೆಸರು ಬೇಡ. ಆಡುವವರಿಗೆ ಮೊದಲು ತಾತ್ಕಾಲಿಕ ಕೆಲಸ, ಕೆಲವು ವರ್ಷ ಚೆನ್ನಾಗಿ ಆಡಿದರೆ ಖಾಯಂ ಮಾಡುತ್ತೇವೆ ಎಂಬ ಮಾತು. ನನಗೆ ಸಿಕ್ಕಿದ್ದು ಕಾರ್ಖಾನೆಯ ಲ್ಯಾಬ್. ಬೆಳಿಗ್ಗೆ ಎಣ್ಣೆಯ ಮಾದರಿಗಳನ್ನು ಪರೀಕ್ಷೆ ಮಾಡುವುದು, ಮಧ್ಯಾಹ್ನದ ಮೇಲೆ ಮೈದಾನ. ಆ ಲ್ಯಾಬ್ ನನಗೆ ಬಹಳ ಹಿಡಿಸಿತ್ತು. ಅಲ್ಲಿ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಕಲಿತ ವಿದ್ಯೆ, ಕಲಿಯದೇ ಬಂದ ಆಟ, ಎರಡಕ್ಕೂ ಒಂದೇ ಗೇಟಿನೊಳಗೆ ಜಾಗ ಸಿಕ್ಕಿತ್ತು. ಅದು ಖಾಯಂ ಆಗಬೇಕೆಂಬುದು ಬಿಟ್ಟರೆ ನನಗೆ ಬೇರೆ ಆಸೆ ಇರಲಿಲ್ಲ.

ನನ್ನನ್ನು ಆರಿಸಿದವರು ಸಿಬ್ಬಂದಿ ವಿಭಾಗದ ಮ್ಯಾನೇಜರ್ ಮೂರ್ತಿ ಸಾರ್. ಮೈಸೂರಿನವರು, ಮದ್ರಾಸಿಗೆ ಬಂದು ಸ್ವಲ್ಪ ಕಾಲವಾಗಿತ್ತು. ತಂಡಗಳ ಉಸ್ತುವಾರಿಯೂ ಅವರದೇ. ಇಂಟರ್‌ವ್ಯೂನಲ್ಲಿ ಅಪ್ಪನ ಹೆಸರು ನೋಡಿದವರೇ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದರು.

“ಮನೇಲಿ ಕನ್ನಡಾನೇನಮ್ಮ?”

“ಹೌದು ಸಾರ್. ಮುತ್ತಾತನ ಕಾಲದಿಂದ ಇಲ್ಲೇ ಇರೋದು. ಕೊಂಚ ತಮಿಳು ಕಲಸಿರತ್ತೆ.”

“ಕೊಂಚಾನಾ? ಇಡ್ಲಿ ಕಾಣದ ಹಾಗೆ ಮೊಳಗಾಪೊಡಿ ಸುರಿದಿದ್ದೀರಲ್ಲಮ್ಮ!” ಎಂದು ನಕ್ಕರು. ಅವತ್ತಿನಿಂದ ನಾನು ಅವರಿಗೆ ‘ನಮ್ಮ ಹುಡುಗಿ’. ಲ್ಯಾಬಿನವರ ಮುಂದೆಯೂ ಹಾಗೇ ಕರೆಯುತ್ತಿದ್ದರು. ಅದರಿಂದ ನನಗೆ ಮುಜುಗರವಾಗುತ್ತಿತ್ತು, ಆದರೆ ಅವರ ಪ್ರೀತಿ ಸುಳ್ಳಲ್ಲ.

ನಮಗೆ ಕೊಟ್ಟ ಜರ್ಸಿ ಗಂಡಸರ ತಂಡ ಒಂದು ವರ್ಷ ಹಾಕಿ ಬಿಟ್ಟದ್ದು. ತೋಳು ಮೊಣಕೈ ದಾಟುತ್ತಿತ್ತು, ಕೆಳಗೆ ತೊಡೆಯ ಅರ್ಧಕ್ಕೆ ಬರುತ್ತಿತ್ತು. ಬೇರೆ ಸಂಸ್ಥೆಗಳ ಹುಡುಗಿಯರ ಗತಿಯೂ ಅದೇ. ಗಾಳಿ ಬೀಸಿದರೆ ಇಪ್ಪತ್ತೆರಡು ಜನರೂ ಹಾಯಿದೋಣಿಗಳ ಹಾಗೆ ಉಬ್ಬಿಕೊಳ್ಳುತ್ತಿದ್ದೆವು. ಈ ಬಟ್ಟೆಯ ವಿಷಯ ಮುಂದೆ ಬರುತ್ತದೆ, ನೆನಪಿರಲಿ.

ನಮ್ಮ ಗೋಲ್‌ಕೀಪರ್ ಅಮುದಾ, ವ್ಯಾಸರಪಾಡಿಯವಳು. ಆ ಪೇಟೆಯಲ್ಲಿ ಮಕ್ಕಳು ನಡೆಯುವ ಮೊದಲು ಚೆಂಡು ಒದೆಯುತ್ತವೆ. ಕಾರ್ಖಾನೆಯ ಎತ್ತರದ ಕೊಳವೆಯ ತುದಿಯಲ್ಲಿ ಹಗಲೂ ರಾತ್ರಿ ಉರಿಯುವ ಬೆಂಕಿ ಎತ್ತ ಬಾಗಿದೆ ಎಂದು ನೋಡಿ ಅವಳು ಗಾಳಿಯ ಲೆಕ್ಕ ಹಾಕುತ್ತಿದ್ದಳು, ಆಮೇಲೆ ಚೆಂಡು ಒದೆಯುತ್ತಿದ್ದಳು. ಹೊರಗಿನ ತಂಡದವರಿಗೆ ಈ ಗುಟ್ಟು ಗೊತ್ತಿರಲಿಲ್ಲ. ‘ಆ ಹುಡುಗಿ ಯಾಕೆ ಪ್ರತಿ ಸಲ ಆಕಾಶಕ್ಕೆ ಕೈ ಮುಗಿಯುವವಳ ಹಾಗೆ ನೋಡುತ್ತಾಳೆ’ ಎಂದುಕೊಳ್ಳುತ್ತಿದ್ದರು.

ಎರಡನೆಯ ವರ್ಷ ಬ್ರೂನೋ ಬಂದರು. ಇಟಲಿಯಿಂದ ಬಂದ ದೊಡ್ಡ ಕಂಪ್ರೆಸರ್‌ಗಳನ್ನು ಕೂರಿಸಿಕೊಡಲು ಅವರ ಕಂಪನಿ ಕಳಿಸಿದ್ದ ಮೇಸ್ತ್ರಿ. ಐವತ್ತರ ಹತ್ತಿರದ ವಯಸ್ಸು, ಬಗ್ಗದ ಎಡ ಮಂಡಿ. ಸಂಜೆ ಕೆಲಸ ಮುಗಿಸಿ ಮೈದಾನದ ಬೇಲಿಗೆ ಒರಗಿ ನಮ್ಮ ಆಟ ನೋಡುತ್ತಿದ್ದರು. ಒಂದು ದಿನ ತಡೆಯಲಾಗದೆ ಒಳಗೇ ಬಂದುಬಿಟ್ಟರು. ಇಂಗ್ಲಿಷ್ ಅವರಿಗೂ ಅಷ್ಟಕ್ಕಷ್ಟೇ, ತಂಡದ ಅರ್ಧ ಜನಕ್ಕೂ ಅಷ್ಟಕ್ಕಷ್ಟೇ. ಹಾಗಾಗಿ ಚೆನ್ನಾಗಿ ಅರ್ಥವಾಗುತ್ತಿತ್ತು.

ನನ್ನ ಎದುರು ನಿಂತು, “ಚೆಂಡು ನೋಡಬೇಡ. ಸೊಂಟ ನೋಡು,” ಎಂದರು. ಕಾಲು ಸುಳ್ಳು ಹೇಳುತ್ತದೆ, ಕಣ್ಣು ಸುಳ್ಳು ಹೇಳುತ್ತದೆ, ಆಟಗಾರ್ತಿಯ ಸೊಂಟ ತಿರುಗಿದ ಕಡೆಗೇ ಅವಳು ಹೋಗಬೇಕು ಎಂಬುದು ಅದರ ಅರ್ಥ.

ಅಮುದಾ ಗೋಲಿನಿಂದಲೇ ಕೂಗಿದಳು: “ಸಾರ್, ನಮ್ಮೂರಲ್ಲಿ ಸೊಂಟ ನೋಡಿದ್ರೆ ಚಪ್ಪಲೀಲಿ ಹೊಡೀತಾರೆ!”

ಅವರಿಗೆ ಅದನ್ನು ತಿಳಿಸಿ ಹೇಳುವ ಹೊತ್ತಿಗೆ ಎಲ್ಲರಿಗೂ ನಕ್ಕು ಸಾಕಾಗಿತ್ತು. ಅವರು ಮಾತ್ರ ಗಂಭೀರವಾಗಿ, “ಅಂಥ ಊರಲ್ಲಿ ಡಿಫೆಂಡರ್ ಆಗುವುದು ಕಷ್ಟ,” ಎಂದರು.

ಬ್ರೂನೋ ಮೂವತ್ತು ದಾಟುವವರೆಗೆ ದುಡ್ಡಿಗಾಗಿ ಆಡಿದ ಡಿಫೆಂಡರ್. ಹೆಚ್ಚಿನ ಕಾಲ ಸಣ್ಣ ಊರುಗಳ ಕ್ಲಬ್ಬುಗಳಲ್ಲಿ, ಒಂದೇ ಒಂದು ವರ್ಷ ಅವರ ದೇಶದ ದೊಡ್ಡ ಲೀಗಿನಲ್ಲಿ. ಅವರ ಕಾಲದಲ್ಲಿ ಒಬ್ಬನಿಗೆ ಒಬ್ಬ ಎಂಬ ಪದ್ಧತಿ. ಎದುರಾಳಿ ತಂಡದ ಫಾರ್ವರ್ಡ್ ಆಟಗಾರನನ್ನು ತೋರಿಸಿ, ‘ಇವನು ನಿನ್ನವನು’ ಎಂದುಬಿಟ್ಟರೆ ಮುಗಿಯಿತು, ಅವನು ನೀರು ಕುಡಿಯಲು ಗೆರೆಯ ಹತ್ತಿರ ಹೋದರೂ ಇವರು ಪಕ್ಕದಲ್ಲಿ ನಿಲ್ಲಬೇಕು. ಆಮೇಲೆ ಹೊಸ ಕೋಚುಗಳು ಬಂದರು. ಮನುಷ್ಯನನ್ನು ಬಿಡಿ, ಜಾಗ ಕಾಯಿರಿ, ನಾಲ್ಕು ಜನ ಒಂದೇ ಗೆರೆಯಲ್ಲಿ ನಿಲ್ಲಿ ಎಂದರು. ಮನುಷ್ಯನನ್ನೇ ಕಾದು ಅಭ್ಯಾಸವಾದವರು ಖಾಲಿ ಜಾಗ ಕಾಯುವುದು ಹೇಗೆ? ಕಲಿಯುವಷ್ಟರಲ್ಲಿ ಮಂಡಿ ಹೋಯಿತು. ಚಿಕ್ಕಪ್ಪನ ವರ್ಕ್‌ಶಾಪಿಗೆ ಸೇರಿದರು. ಯಾರ ಮೇಲೂ ಸಿಟ್ಟಿಲ್ಲದೆ ಇದನ್ನು ಹೇಳಿದ್ದರು.

ಅವರಿಗೆ ಸಿಕ್ಕ ದೊಡ್ಡ ಮರ್ಯಾದೆ ಯಾವುದೆಂದು ನಾನು ಕೇಳಿದ್ದೆ. ಒಂದು ಪಂದ್ಯ ಮುಗಿದಾಗ ಎದುರಾಳಿ ಫಾರ್ವರ್ಡ್ ಹರಿದುಹೋದ ತನ್ನ ಜರ್ಸಿಯನ್ನು ಬಿಚ್ಚಿ ಅವರ ಮುಖಕ್ಕೆ ಎಸೆದನಂತೆ: ‘ತಗೋ, ಇಡೀ ಮಧ್ಯಾಹ್ನ ಇದು ನಿನ್ನ ಕೈಯಲ್ಲೇ ಇತ್ತು.’ ಬ್ರೂನೋ ಅದನ್ನು ಹೊಲಿಸಿ ಇಟ್ಟುಕೊಂಡಿದ್ದರು.

ಎಳೆಯುವುದನ್ನು ನಾನು ಕಲಿತದ್ದು ಅವರಿಂದಲೇ. ಇದನ್ನು ಎಲ್ಲ ಒಳ್ಳೆಯ ಡಿಫೆಂಡರ್‌ಗಳೂ ಮಾಡುತ್ತಾರೆ, ಯಾರೂ ಬರೆಯುವುದಿಲ್ಲ. ನಾನು ಬರೆಯುತ್ತೇನೆ. ಅವಳು ನಿಮ್ಮನ್ನು ದಾಟಿದ್ದಾಳೆ, ಮುಂದೆ ಗೋಲ್‌ಕೀಪರ್ ಬಿಟ್ಟು ಯಾರಿಲ್ಲ, ಪೆನಾಲ್ಟಿ ಬಾಕ್ಸಿನ ಗೆರೆ ಇನ್ನೂ ಬಂದಿಲ್ಲ, ಅದರೊಳಗೆ ಹಿಡಿದರೆ ಪೆನಾಲ್ಟಿ. ಆಗ ಕಾಲಿಗೆ ಮಾತ್ರ ಹೋಗಬಾರದು, ಅವಳ ಅನ್ನ ಇರುವುದು ಅದರಲ್ಲೇ. ಕಾಲರ್ ಹಿಡಿಯಬಾರದು, ಕುತ್ತಿಗೆ ಬಿಗಿಯುತ್ತದೆ. ಭುಜ ಹಿಡಿದರೆ ಹಿಂದಕ್ಕೆ ಬಿದ್ದು ತಲೆಗೆ ಪೆಟ್ಟು. ಸೊಂಟದ ಪಕ್ಕದಲ್ಲಿ ಬಟ್ಟೆ ಹಿಡಿ, ವೇಗ ಮುರಿದ ಕೂಡಲೇ ಬಿಡು. ಆಮೇಲೆ ರೆಫರಿಯ ಕೈ ಜೇಬಿಗೆ ಹೋಗುವ ಮೊದಲೇ ನೀನಾಗಿಯೇ ಹೊರಗೆ ನಡಿ. ವಾದ ಬೇಡ, ಅಳು ಬೇಡ, ನಾನಲ್ಲ ಅನ್ನುವ ಮುಖ ಬೇಡ.

“ಇದು ಮೋಸ ಅಲ್ಲವೇ?” ಎಂದು ಕೇಳಿದೆ.

ಅವರು ಹೇಳಿದರು: “ಮೋಸಗಾರ ರೆಫರಿ ನೋಡದ ಕಡೆ ಮಾಡುತ್ತಾನೆ. ನಾನು ಎಲ್ಲರ ಎದುರು ಮಾಡುತ್ತೇನೆ, ಶಿಕ್ಷೆ ತೆಗೆದುಕೊಳ್ಳುತ್ತೇನೆ.”

ಒಂದು ವಾರ ನಾವು ಒಬ್ಬರನ್ನೊಬ್ಬರು ಎಳೆದು ಅಭ್ಯಾಸ ಮಾಡಿದೆವು. ಆ ಗಂಡಸರ ಜರ್ಸಿಗಳಲ್ಲಿ ಹಿಡಿಯಲು ಬೇಕಾದಷ್ಟು ಬಟ್ಟೆ ಇತ್ತು. ಕಂಪ್ರೆಸರ್ ಓಡಲು ಶುರುವಾಯಿತು, ಬ್ರೂನೋ ತಮ್ಮ ಊರಿಗೆ ಹೋದರು.

ಹೋಗುವ ಮೊದಲು ನಾಲ್ಕು ಜನರ ಗೆರೆಯನ್ನೂ ಹಾಕಿಕೊಟ್ಟಿದ್ದರು, ತಮ್ಮ ಹೊಟ್ಟೆಯ ಮೇಲೆ ಹೊಡೆದ ಪದ್ಧತಿಯನ್ನೇ. ತನ್ನವರು ಚೆಂಡು ಒದೆಯುವ ಹೊತ್ತಿಗೆ ಎದುರಾಳಿ ನಮ್ಮೆಲ್ಲರನ್ನೂ ದಾಟಿ ನಿಂತಿದ್ದರೆ ಅದು ಆಫ್‌ಸೈಡ್. ಆದ್ದರಿಂದ ನಾವು ನಾಲ್ವರೂ ಸರಿಯಾದ ಕ್ಷಣದಲ್ಲಿ ಒಟ್ಟಿಗೆ ಮುಂದೆ ಹೆಜ್ಜೆ ಇಟ್ಟರೆ ಅವಳು ತಾನಾಗಿಯೇ ಸಿಕ್ಕಿಬೀಳುತ್ತಾಳೆ. ಆ ಕ್ಷಣವನ್ನು ಒಬ್ಬಳು ಕೂಗಿ ಹೇಳಬೇಕು. ಆ ಒಬ್ಬಳು ನಾನು. ನನಗೆ ಕೂಗಲು ಬರುವುದಿಲ್ಲ. ಮನೆಯಲ್ಲಿಯೂ ಬರುತ್ತಿರಲಿಲ್ಲ.

“ಏ ವಸು! ಬಾಯಲ್ಲೇನು ಕೊಳುಕ್ಕಟ್ಟೈ ಇಟ್ಕೊಂಡಿದ್ದೀಯಾ?” ಎಂದು ಅಮುದಾ ಹಿಂದಿನಿಂದ ಬೈಯುತ್ತಿದ್ದಳು. ಬಾಯಿ ತುಂಬ ಕಡುಬು ಇಟ್ಟುಕೊಂಡವರಿಗೆ ಮಾತು ಹೊರಡುವುದಿಲ್ಲವಲ್ಲ, ಹಾಗೆ. ನಾನು ಬೇರೆ ದಾರಿ ಕಂಡುಕೊಂಡೆ: ಎರಡು ಸಲ ಚಪ್ಪಾಳೆ. ಚಪ್ಪಾಳೆ ಕೇಳಿದರೆ ನಾಲ್ವರೂ ಮುಂದೆ. ಒಂದು ಹಂಗಾಮು ಪೂರ್ತಿ ಅದು ಚೆನ್ನಾಗಿ ನಡೆಯಿತು.

ಅದನ್ನು ಹಿಡಿದವಳು ಸ್ಟೆಲ್ಲಾ. ಇನ್ನೊಂದು ಸಂಸ್ಥೆಯ ತಂಡದ ಫಾರ್ವರ್ಡ್, ಕಾಶಿಮೇಡಿನ ಮೀನುಗಾರರ ಮನೆಯವಳು, ನಾನು ಕಂಡವರಲ್ಲೆಲ್ಲ ವೇಗದ ಓಟಗಾರ್ತಿ. ಅವಳ ತಮಿಳನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ, ಆದರೂ ಬರೆಯುತ್ತೇನೆ. ಒಂದು ಸೆಮಿಫೈನಲ್‌ನಲ್ಲಿ ಅವಳು ಚೆಂಡು ಕಾಲಿಗೆ ತಾಗಿಸಿಕೊಂಡೇ ನಮ್ಮತ್ತ ಬರುತ್ತಿದ್ದಳು. ಬರುತ್ತಾ ಬರುತ್ತಾ ಎರಡು ಸಲ ಚಪ್ಪಾಳೆ ತಟ್ಟಿದಳು. ನಾವು ನಾಲ್ವರೂ, ನಾನೂ ಸೇರಿ, ಶಾಲೆಯ ಮಕ್ಕಳ ಹಾಗೆ ಒಂದು ಹೆಜ್ಜೆ ಮುಂದಿಟ್ಟೆವು. ಅವಳು ನಮ್ಮ ಹಿಂದಿನ ಖಾಲಿ ಜಾಗಕ್ಕೆ ಚೆಂಡು ತಳ್ಳಿ, ಓಡಿ, ಗೋಲು ಹಾಕಿ, ವಾಪಸು ಬರುವಾಗ ನನ್ನ ಹತ್ತಿರ ನಿಂತಳು.

“ಚಪ್ಪಾಳೆಗೆ ಥ್ಯಾಂಕ್ಸ್ ಡೀ, ಟೀಚರಮ್ಮ!”

ನನ್ನ ಕನ್ನಡಕ ಬೆಂಚಿನ ಮೇಲಿರುತ್ತಿತ್ತು. ಅದನ್ನು ನೋಡಿ ಇಟ್ಟ ಹೆಸರು ಟೀಚರಮ್ಮ, ‘ಡೀ’ ಎಂದರೆ ನಮ್ಮ ‘ಕಣೇ’. ಆ ಪಂದ್ಯ ನಾವು ಸೋತೆವು. ಸ್ಟೆಲ್ಲಾ ಕ್ಷಮೆ ಕೇಳಬೇಕೆಂದು ಯಾರೂ ಹೇಳಲಿಲ್ಲ. ನನಗೂ ಹಾಗನ್ನಿಸಲಿಲ್ಲ. ಆ ವರ್ಷವೆಲ್ಲ ಬಸ್ಸಿನಲ್ಲಿ ಕೂತು ಕೂಗುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ಕಡೆಗೂ ಬಂತು. ನನ್ನ ಮೊದಲ ಕೂಗಿಗೆ ನಮ್ಮವರೇ ಬೆಚ್ಚಿ ನಿಂತುಬಿಟ್ಟಿದ್ದರು.

ಮರುವರ್ಷ ಫೈನಲ್‌ನಲ್ಲಿ ಅದೇ ತಂಡ. ನಾವು ಒಂದು ಗೋಲು ಮುಂದಿದ್ದೆವು. ಆಟ ಮುಗಿಯುವ ಹೊತ್ತು. ನಮ್ಮವರೆಲ್ಲ ಇನ್ನೊಂದು ಗೋಲಿನ ಆಸೆಗೆ ಬಿದ್ದು ಮುಂದೆ ಹೋಗಿದ್ದರು. ನಡುವಿನಲ್ಲಿ ಚೆಂಡು ತಪ್ಪಿ ಸ್ಟೆಲ್ಲಾಳ ಕಾಲಿಗೆ ಬಂತು. ಅವಳ ಸೊಂಟ ಬಲಕ್ಕೆ ತಿರುಗಿದ್ದು ಕಂಡೆ, ನಾನೂ ಬಲಕ್ಕೆ ಹೋದೆ. ನನ್ನ ಅಂದಾಜು ಸರಿಯಾಗಿಯೇ ಇತ್ತು. ಅವಳ ಓಟ ಅಂದಾಜಿಗಿಂತ ದೊಡ್ಡದು. ನನ್ನನ್ನು ದಾಟಿದಳು. ಮುಂದೆ ಅಮುದಾ ಒಬ್ಬಳೇ. ಬಾಕ್ಸಿನ ಬಿಳಿ ಗೆರೆ ಕಾಣುತ್ತಿತ್ತು.

ಬಲಗೈ ಚಾಚಿ ಸೊಂಟದ ಪಕ್ಕದಲ್ಲಿ ಹಿಡಿದೆ. ಬಟ್ಟೆ ಬರುತ್ತಲೇ ಹೋಯಿತು, ಅಷ್ಟು ಬಟ್ಟೆ ಇತ್ತು. ಅವಳು ಅರ್ಧ ಸುತ್ತು ತಿರುಗಿ ಹುಲ್ಲಿನ ಮೇಲೆ ಕುಕ್ಕರಿಸಿದಳು. ಬಿಟ್ಟೆ. ಬಿಟ್ಟವಳೇ ಹೊರಗೆ ನಡೆದೆ. ರೆಫರಿ ಹಿಂದಿನಿಂದ ಓಡಿ ಬಂದು, ನನ್ನನ್ನು ನಿಲ್ಲಿಸಿ ಕೆಂಪು ಕಾರ್ಡ್ ತೋರಿಸಬೇಕಾಯಿತು. ಫ್ರೀ ಕಿಕ್ ಸ್ಟೆಲ್ಲಾಳೇ ಒದ್ದಳು. ಅಮುದಾ ಬೆರಳ ತುದಿಯಿಂದ ಅದನ್ನು ಕಂಬದ ಆಚೆ ತಳ್ಳಿದಳು. ಗೆದ್ದೆವು. ಅಮುದಾ ನನ್ನನ್ನು ತಬ್ಬಿಕೊಂಡು, “ಬ್ರೂನೋ ಸಾರ್ ಇದ್ದಿದ್ರೆ ಅಳ್ತಿದ್ರು ಡೀ,” ಎಂದಳು.

ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ. ಸ್ಟೆಲ್ಲಾಳ ಜರ್ಸಿ ಡೇರೆಯ ಹಾಗೆ ಹಿಗ್ಗಿದೆ, ಒಳಗಿನ ಬನಿಯನ್ ಕಾಣುತ್ತಿದೆ, ಜರ್ಸಿಯ ತುದಿಯಲ್ಲಿ ನನ್ನ ಕೈ. ಮೂರ್ತಿ ಸಾರ್ ಕರೆಸಿದರು. ಮೇಜಿನ ಮೇಲೆ ಪತ್ರಿಕೆ ಬಿಡಿಸಿಟ್ಟಿತ್ತು.

“ಏನಮ್ಮ ಇದು?”

“ಫೌಲ್ ಸಾರ್.”

“ಫೌಲ್ ಅಂತ ನಂಗೂ ಗೊತ್ತು. ಹೆಣ್ಣಾಗಿ ಇನ್ನೊಂದು ಹೆಣ್ಣಿನ ಮೈಮೇಲಿನ ಬಟ್ಟೆಗೆ ಕೈ ಹಾಕೋದಾ? ಅಷ್ಟು ಜನರ ಎದುರು? ಪುರಾಣದಲ್ಲಿ ಅಂಥ ಕೆಲಸ ಮಾಡಿದವನ ಗತಿ ಏನಾಯ್ತು ಗೊತ್ತಿಲ್ವಾ ನಿಂಗೆ?”

ಅವರು ಆಟವನ್ನು ನೋಡಿರಲಿಲ್ಲ, ಫೋಟೋ ನೋಡಿದ್ದರು. ಆ ಫೋಟೋದಲ್ಲಿ ಅವರಿಗೆ ಕಂಡದ್ದು ಫುಟ್‌ಬಾಲಲ್ಲ.

“ಸಾರ್, ಹೋದ ತಿಂಗಳು ನಮ್ಮ ಗಂಡಸರ ಟೀಮಿನವರೊಬ್ಬರು ಎದುರಾಳಿ ಹುಡುಗನ ಕಾಲಿಗೆ ಒದ್ದರು. ಆ ಹುಡುಗನನ್ನ ಸ್ಟ್ರೆಚರ್ ಮೇಲೆ ಎತ್ಕೊಂಡು ಹೋದ್ರು. ನೀವು ಗಟ್ಟಿ ಆಟ ಅಂತ ಬೆನ್ನು ತಟ್ಟಿದಿರಿ.”

“ಅದು ಆಟ ಕಣಮ್ಮ.”

“ಇದೂ ಆಟಾನೇ ಸಾರ್.”

“ಅವನು ಒದ್ದಿದ್ದು ಕಾಲಿಗೆ. ನೀನು ಎಳೆದಿದ್ದು ಬಟ್ಟೆ.”

ಅಂದರೆ ನಾನು ಅವಳ ಕಾಲು ಮುರಿದಿದ್ದರೆ ಯಾರ ಮಾನಕ್ಕೂ ಕುಂದು ಬರುತ್ತಿರಲಿಲ್ಲ. ಇದನ್ನು ಹೇಳಲಿಲ್ಲ. ಹೇಳಿದ್ದು ಇಷ್ಟು: “ನಮಗೆ ಕೊಡೋದು ಗಂಡಸರ ಜರ್ಸಿ ಸಾರ್. ಅವರಿಗೂ ಹಾಗೇ. ಅವಳಿಗೆ ಅಳತೆಯದ್ದು ಕೊಟ್ಟಿದ್ರೆ ನನ್ನ ಕೈಗೆ ಬಟ್ಟೆ ಸಿಕ್ತಾನೇ ಇರಲಿಲ್ಲ.”

ಮೂರ್ತಿ ಸಾರ್ ಕನ್ನಡಕ ತೆಗೆದು ಒರೆಸಿದರು. “ನಮ್ಮ ಹುಡುಗಿ ಅಂತ ನಾನೇ ಮುಂದೆ ನಿಂತು ತಗೊಂಡೆ. ಈಗ ಎಲ್ಲರೂ ನನ್ನ ಮುಖ ನೋಡ್ತಾರೆ. ಮುಂದಿನ ತಿಂಗಳು ನಿನ್ನ ಖಾಯಂ ವಿಷಯ ನನ್ನ ಹತ್ರಾನೇ ಬರುತ್ತೆ. ಅದಕ್ಕೆ ಮೊದಲು ಕ್ಯಾಂಟೀನ್ ಹಾಲಲ್ಲಿ ಒಂದು ಸಣ್ಣ ಕಾರ್ಯಕ್ರಮ ಇಡ್ತೀನಿ. ಆ ಹುಡುಗೀನ ಕರೆಸ್ತೀನಿ. ಮೈಕ್‌ನಲ್ಲಿ ‘ಸಾರಿ’ ಅಂತ ಒಂದು ಮಾತು ಹೇಳಿಬಿಡು. ನಾನು ಸೈನ್ ಹಾಕ್ತೀನಿ. ಮುಗೀತು.”

ಲ್ಯಾಬಿನಲ್ಲಿ ಅವತ್ತು ಒಂದು ಮಾದರಿಯನ್ನು ಮೂರು ಸಲ ಪರೀಕ್ಷೆ ಮಾಡಿದೆ. ಅಮುದಾಗೆ ನನ್ನ ಹಟ ಅರ್ಥವಾಗಲಿಲ್ಲ. “ಒಂದು ಮಾತು ತಾನೇ ಡೀ? ಬಸ್ಸಲ್ಲಿ ಕಾಲು ತುಳಿದ್ರೆ ದಿನಾ ಹತ್ತು ಜನಕ್ಕೆ ಹೇಳ್ತೀವಿ. ಹೇಳು, ಖಾಯಂ ಮಾಡಿಸ್ಕೋ, ಆಮೇಲೆ ಬೇಕಾದ್ರೆ ಅವರ ಶರ್ಟನ್ನೇ ಎಳಿ.” ಅವಳದೂ ತಾತ್ಕಾಲಿಕ ಕೆಲಸವೇ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಬಸ್ಸಿನಲ್ಲಿ ಕಾಲು ತುಳಿಯುವುದು ನೋಡದೆ ಆದದ್ದು. ನಾನು ನೋಡಿ, ಅಳೆದು, ಸರಿಯಾದ ಜಾಗದಲ್ಲಿ ಹಿಡಿದಿದ್ದೆ. ಅದು ನನ್ನ ಕೆಲಸ. ಕ್ಷಮೆ ಕೇಳಿದರೆ ಅದು ಮೂರ್ತಿ ಸಾರ್ ಹೇಳಿದ ಆ ಇನ್ನೊಂದು ಸಂಗತಿಯಾಗಿಬಿಡುತ್ತದೆ. ನನ್ನ ನಂತರ ಬರುವ ಪ್ರತಿ ಹುಡುಗಿಯೂ ಎದುರಾಳಿಯ ಹತ್ತಿರ ಹೋಗುವಾಗ ಕೈ ಕಟ್ಟಿಕೊಂಡು ಓಡಬೇಕಾಗುತ್ತದೆ.

ಮನೆಯಲ್ಲಿ ನಾನು ಹೇಳುವ ಮೊದಲೇ ಅಜ್ಜಿಗೆ ಫೋಟೋ ಸಿಕ್ಕಿತ್ತು. ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಮೂರ್ತಿ ಸಾರ್ ಕರೆಸಿದ್ದರು ಎಂದೆ.

“ಏನೇ ವಸು, ಆ ಆಫೀಸರ್‌ಗೆ ಏನು ವೇಣುಮಂತೆ?”

“ಮನ್ನಿಪ್ಪು ಕೇಳಬೇಕಂತೆ ಅಜ್ಜಿ. ಮೈಕ್‌ನಲ್ಲಿ ಸಾರಿ ಅನ್ನಬೇಕಂತೆ.”

“ನೀನು ಯಾಕೆ ಎಳೆದೆ?”

“ಬಿಟ್ಟಿದ್ರೆ ಗೋಲ್ ಆಗ್ತಿತ್ತು.”

“ಅಷ್ಟೇ ತಾನೇ,” ಎಂದು ಮತ್ತೆ ಭೂತಗನ್ನಡಿ ಇಟ್ಟು ನೋಡಿದರು. “ಒಳಗೆ ಬನಿಯನ್ ಬೇರೆ ಹಾಕಿದಾಳೆ, ಪಾಪ, ಲಕ್ಷಣವಾಗಿ. ಇದಕ್ಕೆ ಎದಕ್ಕೆ ಮೈಕು?”

ಅಪ್ಪ ಪತ್ರಿಕೆಯ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಚೀಲದಲ್ಲಿಟ್ಟುಕೊಂಡರು. ನಮ್ಮ ಮನೆಯಲ್ಲಿ ಅದು ಬಹಳ ಮಾತು.

ಕ್ಯಾಂಟೀನ್ ಹಾಲಿನಲ್ಲಿ ಕುರ್ಚಿ ಹಾಕಿಸಿದ್ದರು. ಸಾಂಬಾರಿನ ವಾಸನೆ, ಊದಿನಕಡ್ಡಿಯ ವಾಸನೆ ಎರಡೂ ಇದ್ದವು. ಸ್ಟೆಲ್ಲಾ ತನ್ನ ತಂಡದ ಅಧಿಕಾರಿಯ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದಳು, ಎಣ್ಣೆ ಹಚ್ಚಿ ಬಾಚಿದ ಜಡೆ, ಮಲ್ಲಿಗೆ. ನಾನು ಅವಳನ್ನು ಸೀರೆಯಲ್ಲಿ ನೋಡಿದ್ದು ಅದೇ ಮೊದಲು. ಮೂರ್ತಿ ಸಾರ್ ಅವಳಿಗೆ ಶಾಲು ಹೊದಿಸಿ, ಹೆಣ್ಣುಮಕ್ಕಳ ಗೌರವದ ಬಗ್ಗೆ ಮಾತಾಡಿ, ನನ್ನ ಕಡೆ ಕೈ ತೋರಿಸಿದರು. ಮೆಲ್ಲಗೆ, “ಒಂದೇ ಮಾತಮ್ಮ,” ಎಂದರು.

ಮೈಕ್ ಹಿಡಿದೆ. ಕೂಗುವ ಅಗತ್ಯವಿರಲಿಲ್ಲ, ಅದು ಅನುಕೂಲವಾಯಿತು. ತಮಿಳಿನಲ್ಲಿ ಹೇಳಿದೆ:

“ಅವತ್ತು ನಾನು ಇವರ ಜರ್ಸಿ ಹಿಡಿದು ಎಳೆದೆ. ಎಳೆಯದಿದ್ದರೆ ಗೋಲು ಆಗುತ್ತಿತ್ತು. ಅವರನ್ನು ತಡೆಯಲು ನನಗೆ ಬೇರೆ ದಾರಿ ಇರಲಿಲ್ಲ. ರೆಫರಿ ಕೆಂಪು ಕಾರ್ಡ್ ಕೊಟ್ಟರು. ಅದು ಸರಿಯಾದ ತೀರ್ಪು. ನಾನು ಹೊರಗೆ ಹೋದೆ. ಹೇಳುವುದು ಇಷ್ಟೇ.”

ಮೂರ್ತಿ ಸಾರ್ ಇನ್ನೂ ಕಾಯುತ್ತಿದ್ದರು. ನಾನು ಮೈಕನ್ನು ಅದರ ಜಾಗದಲ್ಲಿಟ್ಟೆ. ಅಷ್ಟರಲ್ಲಿ ಸ್ಟೆಲ್ಲಾ ಎದ್ದು, ಯಾರೂ ಕರೆಯದೆಯೇ, ಶಾಲನ್ನು ಹೆಗಲಿಗೆ ಸುತ್ತಿಕೊಂಡು ಬಂದು ಮೈಕನ್ನು ಎತ್ತಿಕೊಂಡಳು.

“ಸಾರ್, ಶಾಲು ಚೆನ್ನಾಗಿದೆ, ಅಮ್ಮನಿಗೆ ಕೊಡ್ತೀನಿ. ಆದ್ರೆ ನನ್ನ ಮಾನ ಎಲ್ಲೂ ಹೋಗಿಲ್ಲ ಸಾರ್. ಹೋದದ್ದು ಗೋಲು. ಅದನ್ನ ವಾಪಸು ಕೊಡ್ಸೋಕಾಗುತ್ತಾ?” ಹಿಂದಿನ ಸಾಲಿನಲ್ಲಿ ನಗು. “ನನ್ನ ತಡೆಯೋಕೆ ಬೇರೆ ದಾರೀನೇ ಇರ್ಲಿಲ್ಲ ಅಂತ ಈ ಟೀಚರಮ್ಮನ ಬಾಯಿಂದ, ಅದೂ ಮೈಕ್‌ನಲ್ಲಿ ಹೇಳಿಸಿದ್ದೀರಿ. ಅದಕ್ಕೆ ನಿಮ್ಗೆ ದೊಡ್ಡ ಥ್ಯಾಂಕ್ಸ್. ಇವಳು ಸಾರಿ ಗೀರಿ ಅಂದಿದ್ರೆ ನಾನು ಯಾರೋ ಪಾಪದ ಹುಡುಗಿ ಆಗ್ಬಿಡ್ತಿದ್ದೆ.”

ಮೊದಲು ಚಪ್ಪಾಳೆ ತಟ್ಟಿದವಳು ಅಮುದಾ. ಎರಡೇ ಎರಡು ಸಲ, ನನ್ನ ಕಡೆ ನೋಡಿಕೊಂಡು.

ಮೂರ್ತಿ ಸಾರ್ ನನ್ನ ಜೊತೆ ಮತ್ತೆ ಕನ್ನಡದಲ್ಲಿ ಮಾತಾಡಲಿಲ್ಲ. ಮಾತಾಡಬೇಕಾಗಿ ಬಂದಾಗ ಇಂಗ್ಲಿಷ್. ನನ್ನ ಕೆಲಸ ಖಾಯಂ ಆಗಲಿಲ್ಲ. ಅವಧಿ ಮುಗಿಯುವ ದಿನಕ್ಕೆ ನಾನು ಕಾಯಲಿಲ್ಲ. ಮೇಜು ಒರೆಸಿ, ಗಾಜಿನ ಸಾಮಾನು ತೊಳೆದಿಟ್ಟು, ನಾನಾಗಿಯೇ ಹೊರಟೆ. ಸ್ಟೆಲ್ಲಾಳ ಅಧಿಕಾರಿ ಆ ಹಾಲಿನಲ್ಲಿ ಕೂತಿದ್ದರಲ್ಲ, ಅವರು ಒಂದು ವಾರದಲ್ಲಿ ಹೇಳಿ ಕಳಿಸಿದರು: ನಮಗೆ ಒಬ್ಬ ಡಿಫೆಂಡರ್ ಬೇಕು. ಅಲ್ಲಿ ಲ್ಯಾಬ್ ಇರಲಿಲ್ಲ. ಟಪಾಲು ವಿಭಾಗದಲ್ಲಿ ಲಕೋಟೆಗಳಿಗೆ ಮುದ್ರೆ ಒತ್ತುವ ಕೆಲಸ. ಕಲಿತ ರಸಾಯನಶಾಸ್ತ್ರ ಅಲ್ಲಿಗೆ ನಿಂತಿತು. ಅದರ ನೋವು ಈಗಲೂ ಇದೆ. ಆ ನೋವನ್ನು ಜರ್ಸಿ ಎಳೆದದ್ದರ ಲೆಕ್ಕಕ್ಕೆ ನಾನು ಸೇರಿಸುವುದಿಲ್ಲ. ಅದು ಮೂರ್ತಿ ಸಾರ್ ಲೆಕ್ಕ.

ಮೊದಲ ದಿನ ಅಭ್ಯಾಸಕ್ಕೆ ಹೋದಾಗ ಸ್ಟೆಲ್ಲಾ ನನ್ನ ಮುಂದೆ ಬಂದು ಬೆನ್ನು ತಿರುಗಿಸಿ ನಿಂತಳು. “ಈಗ ಎಳಿ, ನೋಡೋಣ!” ಕಾಶಿಮೇಡಿನ ದರ್ಜಿಯ ಕೈಯಲ್ಲಿ ಜರ್ಸಿಯನ್ನು ಮೈಗೆ ಸರಿಯಾಗಿ ಹಿಡಿಸಿಕೊಂಡಿದ್ದಳು. ಚಿವುಟಲೂ ಬಟ್ಟೆ ಸಿಗಲಿಲ್ಲ. ತಿಂಗಳೊಳಗೆ ತಂಡದವರೆಲ್ಲ ಅದೇ ದರ್ಜಿಯ ಹತ್ತಿರ ಹೋಗಿ ಬಂದಿದ್ದೆವು. ಹೆಂಗಸರಿಗೆಂದೇ ಹೊಲಿದ ಜರ್ಸಿ ಕೊಡುವಷ್ಟು ಬುದ್ಧಿ ಸಂಸ್ಥೆಗಳಿಗೆ ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಕೊನೆಯ ಪಂದ್ಯದ ವಿಷಯ ಹೇಳಿ ಮುಗಿಸುತ್ತೇನೆ. ಮಂಡಿ ಸೋತಿತ್ತು. ಸ್ಟೆಲ್ಲಾ ಅಷ್ಟರಲ್ಲಿ ಆಟ ಬಿಟ್ಟು ನಮ್ಮ ಕೋಚ್ ಆಗಿದ್ದಳು. ಪಂದ್ಯ ಸಮ ಇತ್ತು. ನಮ್ಮ ಅರ್ಧದಲ್ಲಿ ಚೆಂಡು ಕಸಿದುಕೊಂಡೆ, ತಲೆ ಎತ್ತಿ ನೋಡಿದರೆ ಎದುರಿಗೆ ಗೋಲ್‌ಕೀಪರ್ ಬಿಟ್ಟು ಯಾರೂ ಇಲ್ಲ. ಎಲ್ಲರೂ ನಮ್ಮ ಗೋಲಿನ ಹತ್ತಿರ ಸೇರಿಬಿಟ್ಟಿದ್ದರು. ಡಿಫೆಂಡರ್‌ಗೆ ಇಂಥದ್ದು ಒಮ್ಮೆ ಸಿಕ್ಕಿದರೆ ಹೆಚ್ಚು.

“ಓಡು ಡೀ ಟೀಚರಮ್ಮ! ಜನ್ಮದಲ್ಲಿ ಒಂದ್ಸಲ ಓಡು!” ಎಂದು ಸ್ಟೆಲ್ಲಾ ಗೆರೆಯ ಪಕ್ಕ ತಾನೂ ಓಡುತ್ತಿದ್ದಳು.

ಓಡಿದೆ. ನಡುಗೆರೆ ದಾಟಿದೆ. ಹಿಂದೆ ಒಂದು ಹುಡುಗಿಯ ಉಸಿರು ಕೇಳಿಸುತ್ತಿತ್ತು, ಹತ್ತಿರ ಬರುತ್ತಿತ್ತು. ಬಾಕ್ಸಿನ ಗೆರೆ ಕಂಡಾಗ ನನ್ನ ಭುಜದ ಹತ್ತಿರ ಬಟ್ಟೆ ಬಿಗಿಯಿತು. ಹಿಂದಕ್ಕೆ ಬಿದ್ದೆ.

ಎದ್ದು ಕೂತಾಗ ಅವಳು ಎದುರಿಗೆ ನಿಂತಿದ್ದಳು. ಹೊಸಬಳು, ಹತ್ತೊಂಬತ್ತೋ ಇಪ್ಪತ್ತೋ. “ಸಾರಿ ಅಕ್ಕಾ, ಸಾರಿ ಅಕ್ಕಾ,” ಎನ್ನುತ್ತಿದ್ದಳು, ಅಳುವ ಹಾಗಿದ್ದಳು.

“ಸಾರಿ ಯಾಕೆ? ಗೋಲ್ ಆಗ್ತಿತ್ತು, ಅಲ್ವಾ?”

ತಲೆಯಾಡಿಸಿದಳು.

“ಭುಜ ಹಿಡೀಬಾರದು, ತಲೆ ಒಡೆಯತ್ತೆ. ಇಲ್ಲಿ ಹಿಡಿ,” ಎಂದು ನನ್ನ ಸೊಂಟದ ಪಕ್ಕ ತೋರಿಸಿದೆ. “ಹೋಗೀಗ. ರೆಫರಿ ಕೈ ಜೇಬಿಗೆ ಹೋಗೋಕ್ಕೆ ಮುಂಚೆ.”

ಅವಳು ಕಣ್ಣು ಒರೆಸಿಕೊಂಡು ಹೊರಗೆ ನಡೆದಳು. ಫ್ರೀ ಕಿಕ್ ಅವರು ಸಾಲಾಗಿ ನಿಂತು ಕಟ್ಟಿದ ಗೋಡೆಗೆ ಬಡಿದು ಆಚೆ ಹೋಯಿತು. ಪಂದ್ಯ ಸಮವಾಗಿಯೇ ಮುಗಿಯಿತು. ಸರಿಯಾದ ಹೊತ್ತಿನಲ್ಲೇ ಎಳೆದಿದ್ದಳು.